ಮಾವನ ಐನೂರು, ರೇಂಜರರ ಮುನ್ನೂರ ಎಪ್ಪತ್ತೈದು

ನನ್ನ ಸೋದರಮಾವ ಜೀವಮಾನದಲ್ಲಿ ಒಂದು ಸೊಳ್ಳೆಯನ್ನೂ ಕೊಂದವರಲ್ಲ. ಆದರೆ ಓಡಿ ಬರುವ ಆನೆಯನ್ನು ನಿಲ್ಲಿಸಲಿಕ್ಕೆ ಎಷ್ಟು ತೂಕದ ಗುಂಡು ಬೇಕು ಎಂದು ಅವರನ್ನು ಕೇಳಿ ನೋಡಬೇಕಿತ್ತು! ಕೇಳಿದವರಿಗೆ ಆ ದಿನದ ಊಟ ತಪ್ಪಿದ್ದೇ. ನಮ್ಮದು ಮೂಡಬಿದಿರೆಯ ಜೈನರ ಮನೆ, ಸೂರ್ಯ ಮುಳುಗಿದ ಮೇಲೆ ಎಲೆ ಹಾಕುವ ಕ್ರಮವಿಲ್ಲ. ಮಾವನ ವಿವರಣೆಯೋ, ಸೂರ್ಯ ಮುಳುಗಿದರೂ ಮುಗಿಯುವ ಜಾತಿಯದ್ದಲ್ಲ.

ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವ, ಅಂಗಳದಲ್ಲಿ ಇರುವೆಯ ಸಾಲು ಕಂಡರೆ ಪಂಚೆ ಎತ್ತಿ ದಾಟುವ, ಅತ್ತೆ ಜೇಡರ ಬಲೆ ತೆಗೆಯಲು ಪೊರಕೆ ಹಿಡಿದರೆ "ಅದಕ್ಕೂ ಸಂಸಾರ ಉಂಟು ಮಾರಾಯ್ತಿ, ಇರಲಿ ಬಿಡು" ಎನ್ನುವ ಮನುಷ್ಯನಿಗೆ ಆನೆ ಕೋವಿಯ ಚಿಂತೆ ಯಾಕೆ? ಇದಕ್ಕೆ ಉತ್ತರ ಅತ್ತೆಗೂ ಗೊತ್ತಿರಲಿಲ್ಲ. ಮಾವನ ಅಜ್ಜನ ಕಾಲದಲ್ಲಿ ಯಾವನೋ ಬಿಳಿಯ ಅಧಿಕಾರಿ ಊರು ಬಿಟ್ಟು ಹೋಗುವಾಗ ಒಂದು ಜೋಡುನಳಿಗೆ ಕೋವಿಯನ್ನು ಮನೆಗೆ ಕೊಟ್ಟು ಹೋಗಿದ್ದನಂತೆ. 'ಐನೂರು' ಎಂದು ಅದರ ಹೆಸರು. ನಳಿಗೆಯ ಬಾಯಿ ಅರ್ಧ ಇಂಚು, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ ಐನೂರು ಪಾಲು ಅಗಲ ಎಂಬುದಕ್ಕೆ ಆ ಹೆಸರು. ಮನೆಯಲ್ಲಿ ಮೂರು ತಲೆಮಾರು ಅದನ್ನು ಒರೆಸಿ ಇಟ್ಟರೇ ಹೊರತು ಯಾರೂ ಎತ್ತಿ ಹಿಡಿಯಲಿಲ್ಲ. ಮಾವ ಎತ್ತಿದರು. ಪ್ರಾಣಿಯ ಕಡೆಗಲ್ಲ, ಲೆಕ್ಕದ ಕಡೆಗೆ!

ತೋಟೆ ಎಂದರೇನು ಎಂದು ತಿಳಿಯದವರಿಗೆ ಒಂದು ಮಾತು. ಅದು ಹಿತ್ತಾಳೆಯ ಒಂದು ಸಣ್ಣ ಕೊಳವೆ. ಅದರ ಹೊಟ್ಟೆಯಲ್ಲಿ ಮದ್ದು, ಬಾಯಲ್ಲಿ ಗುಂಡು, ಬೆನ್ನಲ್ಲಿ ಕಿಡಿ ಹೊತ್ತಿಸುವ ಕೇಪು. ಮಾವನ ಐನೂರಕ್ಕೆ ಬೇಕಾಗಿದ್ದದ್ದು ಹಳೆಯ ಕಾಲದ ಕರಿಮದ್ದು. ಸೀಸವನ್ನು ಅವರೇ ಕರಗಿಸಿ, ಅಚ್ಚಿಗೆ ಹೊಯ್ದು, ಗುಂಡು ಮಾಡಿ, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿ ಸಾಲಾಗಿ ಇಡುತ್ತಿದ್ದರು. ಅತ್ತೆ ಅಡುಗೆಮನೆಯಿಂದ ಕೂಗುತ್ತಿದ್ದರು: "ಊರಿನ ಗಂಡಸರೆಲ್ಲ ತೋಟ ನೋಡ್ತಾರೆ. ನಮ್ಮವರು ಮಾತ್ರ ತೋಟೆ ನೋಡ್ತಾರೆ! ಆ ಸೀಸದ ಸೌಟು ಸಾರಿನ ಪಾತ್ರೆಗೆ ಬಿದ್ದರೆ ನಾನು ಬಂಟ್ವಾಳಕ್ಕೆ ಹೋಗ್ತೇನೆ, ಹೇಳಿದ್ದೇನೆ!" ಬಂಟ್ವಾಳ ಅತ್ತೆಯ ತವರು.

ಒಂದು ಸಲ ಅತ್ತೆ ನಿಜವಾಗಿಯೂ ಬಂಟ್ವಾಳಕ್ಕೆ ಹೋದರು. ಸಿಟ್ಟಿನಿಂದಲ್ಲ, ಯಾವುದೋ ಮದುವೆಗೆ. ಮಾವನಿಗೆ ಆಗ ಒಂದು ಸಮಸ್ಯೆ ಕಾಡುತ್ತಿತ್ತು. ಗುಂಡು ಆನೆಯ ಮೈಯಲ್ಲಿ ಎಷ್ಟು ಆಳಕ್ಕೆ ಹೋಗುತ್ತದೆಂದು ತಿಳಿಯಬೇಕು. ಆದರೆ ಆನೆಗೆ ನೋವಾಗಬಾರದು. ಹಾಗಾದರೆ ಆನೆಯ ಮೈಯಂತೆ ತೀರಾ ಗಟ್ಟಿಯೂ ಅಲ್ಲದ, ತೀರಾ ಮೆತ್ತಗೂ ಅಲ್ಲದ ವಸ್ತು ಯಾವುದು? ಉಗ್ರಾಣದಲ್ಲಿ ಬೈಹುಲ್ಲು ಸುತ್ತಿ ಬಿಗಿದ ಅಕ್ಕಿಮುಡಿಗಳು ಸಾಲಾಗಿ ಕುಳಿತು ಮಾವನನ್ನೇ ನೋಡುತ್ತಿದ್ದವು. ಇನ್ನೇನು ಬೇಕು? ಹಿತ್ತಿಲ ಮಣ್ಣಿನ ದರೆಗೆ ಒರಗಿಸಿ ಒಂದರ ಹಿಂದೊಂದು ಎರಡು ಮುಡಿ ಇಟ್ಟರು. ಢಂ! ಗುಂಡು ಎರಡನೆಯ ಮುಡಿಯಲ್ಲಿ ಸಿಕ್ಕಿತು. ಮಾವ ಅದನ್ನು ಹೆಕ್ಕಿ, ಚೆಲ್ಲಿದ ಅಕ್ಕಿಯನ್ನು ಒಂದು ಕಾಳೂ ಬಿಡದೆ ಆರಿಸಿ ತುಂಬಿಸಿ, ಹುಲ್ಲು ಮೊದಲಿನ ಹಾಗೆ ಕಟ್ಟಿ, ಒಳ್ಳೆಯ ಗಂಡನ ಮುಖ ಮಾಡಿಕೊಂಡು ಕುಳಿತರು.

ಮಳೆಗಾಲದಲ್ಲಿ ಅತ್ತೆ ಅಡುಗೆಗೆ ಆ ಮುಡಿ ಬಿಚ್ಚಿದರು. ಅದೇ ದಿನ ಅತ್ತೆಯ ಕಡೆಯ ಹಿರಿಯರೊಬ್ಬರು ಊಟಕ್ಕೆ ಕುಳಿತಿದ್ದರು. ಎರಡನೇ ತುತ್ತಿಗೆ ಟಕ್ ಎಂದಿತು. ಅವರು ಬಾಯಿಂದ ತೆಗೆದದ್ದು ಕಲ್ಲಲ್ಲ, ಸೀಸದ ಒಂದು ಚೂರು. ಅತ್ತೆ ನಾಚಿಕೆಯಿಂದ ಗೋಡೆಗೆ ಅಂಟಿಕೊಂಡರು. ಮಾವ ಮಾತ್ರ ಆ ಚೂರನ್ನು ಬೆಳಕಿಗೆ ಹಿಡಿದು ಕುಣಿದೇ ಬಿಟ್ಟರು: "ಇದೇ! ಇದೇ! ಗುಂಡಿನ ತೂಕದಲ್ಲಿ ಕಡಿಮೆ ಬರ್ತಾ ಇದ್ದದ್ದು ಈ ಚೂರೇ!" ಆಮೇಲೆ ನೆಂಟರ ಕಡೆ ತಿರುಗಿ ಬಹಳ ಗೌರವದಿಂದ ಕೇಳಿದರು: "ಹಲ್ಲು ತಡೆಯಿತಾ? ಗಟ್ಟಿ ಹಲ್ಲು ನಿಮ್ಮದು!"

ಇಂಥವರಿಗೆ ಒಬ್ಬ ಎದುರಾಳಿ ಇಲ್ಲದಿದ್ದರೆ ಹೇಗೆ? ಇದ್ದರು. ಬೆಳ್ತಂಗಡಿಯಲ್ಲಿ. ಅರಣ್ಯ ಇಲಾಖೆಯಿಂದ ನಿವೃತ್ತರಾದ ರೇಂಜರ್. ಎತ್ತರದ ಆಳು, ಹುರಿಮೀಸೆ, ಕಂಚಿನ ಕಂಠ. ಕೆಲಸದಲ್ಲಿದ್ದಾಗ ಪುಂಡಾನೆಗಳನ್ನು ಹೊಡೆದ ಅನುಭವಸ್ಥರು. ಅವರ ಹತ್ತಿರ ಮದರಾಸಿನಿಂದ ತರಿಸಿದ ಹೊಸ ಮಾದರಿಯ ರೈಫಲ್ಲು, 'ಮುನ್ನೂರ ಎಪ್ಪತ್ತೈದು ಮ್ಯಾಗ್ನಂ'. ಅದರದ್ದು ಹೊಗೆಯಿಲ್ಲದ ಮದ್ದು, ಲೋಹದ ಅಂಗಿ ತೊಟ್ಟ ಸಪೂರ ಗುಂಡು. ಮಾವನದ್ದು ದಪ್ಪ, ನಿಧಾನ. ರೇಂಜರರದ್ದು ಸಪೂರ, ಶರವೇಗ. ಎರಡರಲ್ಲಿ ಯಾವುದು ಮೇಲು? ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷವಾಗಿದ್ದ ಆ ದಿನಗಳಲ್ಲಿ ದೇಶಕ್ಕೆ ಎಷ್ಟೋ ಸಮಸ್ಯೆಗಳಿದ್ದವು. ಮೂಡಬಿದಿರೆಗೂ ಬೆಳ್ತಂಗಡಿಗೂ ನಡುವೆ ಇದ್ದದ್ದು ಇದೊಂದೇ!

ಇಬ್ಬರಿಗೂ ಪತ್ರ ಬರೆಯುವ ತಾಳ್ಮೆ ಇರಲಿಲ್ಲ. ಜಗಳವನ್ನು ಹೊತ್ತು ತರುತ್ತಿದ್ದದ್ದು ವೇಣೂರಿನ ಮೇಲೆ ಬರುವ ಬಸ್ಸಿನ ಕಂಡಕ್ಟರ್. ಬಸ್ಸು ನಮ್ಮ ಮನೆಯ ಮುಂದೆ ನಿಧಾನವಾಗುತ್ತಿತ್ತು. ಕಂಡಕ್ಟರ್ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ: "ಧನಿಗಳೇ, ರೇಂಜರ್ರು ಹೇಳಿದ್ದಾರೆ, ನಿಮ್ಮದು ಕೋವಿಯಲ್ಲವಂತೆ, ಒಲೆಯಂತೆ! ಹೊಡೆದ ಮೇಲೆ ಹೊಗೆ ಹೋಗುವವರೆಗೆ ಆನೆ ಕಾಯ್ಬೇಕಂತೆ!"

ಮಾವ ಜಗಲಿಯಿಂದಲೇ ಗುಡುಗುತ್ತಿದ್ದರು: "ಅವರದ್ದು ಎಂತದು ಕೇಳು! ಸೂಜಿ! ಆನೆಗೆ ಇಂಜೆಕ್ಷನ್ ಕೊಡ್ಲಿಕ್ಕೆ ಒಳ್ಳೆದು ಅಂತ ಹೇಳು!"

ಸಂಜೆಯ ಟ್ರಿಪ್ಪಿಗೆ ಈ ಉತ್ತರ ಬೆಳ್ತಂಗಡಿ ಮುಟ್ಟುತ್ತಿತ್ತು. ಪ್ರಯಾಣಿಕರಲ್ಲೂ ಎರಡು ಪಕ್ಷಗಳಾದವು. ವೇಣೂರಿನಲ್ಲಿ ಒಂದು ದಿನ ಸೂಜಿಯ ಪಕ್ಷಕ್ಕೂ ಒಲೆಯ ಪಕ್ಷಕ್ಕೂ ಮಾತು ಬೆಳೆದು, ಇಳಿಯಬೇಕಾದವರೆಲ್ಲ ಇಳಿಯದೆ ಮುಂದಿನ ಊರಿಗೆ ಹೋದರಂತೆ!

ಕೊನೆಗೆ ಇದು ಮಾತಿನಲ್ಲಿ ಮುಗಿಯುವುದಲ್ಲ ಎಂದು ಇಬ್ಬರೂ ಪರೀಕ್ಷೆಗೆ ಒಪ್ಪಿದರು. ನಮ್ಮ ಊರ ಹೊರಗೆ ಕೆಂಪುಕಲ್ಲು ಕಡಿದು ಬಿಟ್ಟ ಒಂದು ಕೋರೆ. ಅಲ್ಲಿ ಮಾವಿನಮರದ ಹಲಗೆಗಳನ್ನು ಒಂದರ ಹಿಂದೆ ಒಂದು ನೆಟ್ಟರು. ನಾನು ಆಗ ಮಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಮುಗಿಸಿ, ಮಾವನ ಮನೆಯಲ್ಲಿದ್ದುಕೊಂಡು ಊರಿನ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ತೀರ್ಪುಗಾರಳಾಗಿ ನನ್ನನ್ನೇ ನಿಲ್ಲಿಸಿದರು. ಕಿವಿಗೆ ಹತ್ತಿ, ಕೈಯಲ್ಲಿ ಅಡಿಕೋಲು. ಮದುವೆಯಾಗಬೇಕಾದ ಹುಡುಗಿಗೆ ಎಂಥ ಅಲಂಕಾರ!

ಮೊದಲು ಮಾವ. ಅವರು ಕೋವಿ ಎತ್ತಿದ್ದು ಕಂಡಿತು. ಆಮೇಲೆ ಏನೂ ಕಾಣಲಿಲ್ಲ. ಕೋರೆ ತುಂಬ ಬಿಳಿ ಹೊಗೆ. ಹೊಗೆ ಕರಗಿದಾಗ ಮಾವ ಇದ್ದಲ್ಲಿ ಇರಲಿಲ್ಲ. ಕೋವಿಯ ಒದೆತಕ್ಕೆ ಎರಡು ಮಾರು ಹಿಂದೆ, ಕಲ್ಲಿನ ರಾಶಿಯ ಮೇಲೆ ಕುಳಿತು ನಗುತ್ತಿದ್ದರು. ಗುಂಡು ಕೆಲವು ಹಲಗೆಗಳನ್ನು ಚಿಂದಿ ಮಾಡಿ, ಒಂದರಲ್ಲಿ ಅಣಬೆಯ ಹಾಗೆ ಅರಳಿ ಕುಳಿತಿತ್ತು. ಆಮೇಲೆ ರೇಂಜರರು. ಟಪ್ಪೆಂದು ಒಂದು ಒಣ ಸದ್ದು. ಹಲಗೆಗಳಲ್ಲಿ ಉದ್ದಕ್ಕೂ ಅಚ್ಚುಕಟ್ಟಾದ ಸಣ್ಣ ತೂತು. ಗುಂಡು ಕಡೆಯ ಹಲಗೆಯನ್ನೂ ದಾಟಿ ಕಲ್ಲಿನ ಗೋಡೆಗೆ ಹೊಕ್ಕಿತ್ತು.

ರೇಂಜರರು ಮೀಸೆ ತಿರುವಿದರು. "ಎಂತ ಹೇಳ್ತೀರಿ ಈಗ?"

"ಗುಂಡು ಎಲ್ಲುಂಟು, ತೋರಿಸಿ," ಎಂದರು ಮಾವ.

"ಗೋಡೆಯ ಒಳಗೆ ಉಂಟು ಮಾರಾಯ್ರೆ!"

"ಹಾಗಾದರೆ ಆನೆಯ ಒಳಗೆ ಇಲ್ಲ ಅಂತಾಯ್ತು. ಘಾಟಿಯ ಬುಡದ ಕಕ್ಕಿಂಜೆಯಲ್ಲಿ ಆನೆಗೆ ಹೊಡೆದರೆ ಘಾಟಿ ಹತ್ತಿ ಮೂಡಿಗೆರೆಗೆ ಹೋಗುವ ಗುಂಡು ಯಾರಿಗೆ ಬೇಕು? ಅಲ್ಲಿ ಯಾರಾದ್ರೂ ಪಾಪದವರು ಕಾಫಿ ಕುಡಿತಾ ಕೂತಿದ್ರೆ?"

ತೀರ್ಪು ನನ್ನ ತಲೆಗೆ ಬಂತು. ನಾನು ಮನೆಗೆ ಹೋಗಿ, ಜಗಲಿಯ ನೆಲದ ಮೇಲೆ ಸೀಮೆಸುಣ್ಣದಿಂದ ಲೆಕ್ಕ ಹಾಕಿದೆ. ಮಾವನ ಗುಂಡು ನಾನೂರ ನಲವತ್ತು ಗ್ರೇನ್ ತೂಕ, ರೇಂಜರರದ್ದು ಮುನ್ನೂರು. ವೇಗದಲ್ಲಿ ರೇಂಜರರದ್ದು ಬಹಳ ಮುಂದೆ. ತೂಕವನ್ನು ವೇಗದಿಂದ ಗುಣಿಸಿದೆ, ಮಾವ ಗೆದ್ದರು! ಆದರೆ ಪಾಠಪುಸ್ತಕದ ಪ್ರಕಾರ ಗುಂಡಿನ ಶಕ್ತಿ ತಿಳಿಯಬೇಕಾದರೆ ವೇಗದಿಂದ ಇನ್ನೊಂದು ಸಲ ಗುಣಿಸಬೇಕು. ಗುಣಿಸಿದೆ, ರೇಂಜರರು ಗೆದ್ದರು!

ಮಾವನ ಮುಖ ಕೆಂಪಾಯಿತು. "ಎರಡನೇ ಸಲ ಗುಣಿಸ್ಲಿಕ್ಕೆ ನಿನಗೆ ಯಾರು ಹೇಳಿದ್ದು?"

"ಪುಸ್ತಕ, ಮಾವ."

"ಆ ಪುಸ್ತಕ ಬರೆದವ ಯಾವತ್ತಾದ್ರೂ ಕೋವಿ ಹಿಡಿದಿದ್ದಾನಾ?"

"ಮೊದಲನೇ ಸಲ ಗುಣಿಸಿದ್ದೂ ಅದೇ ಪುಸ್ತಕದ ಪ್ರಕಾರ, ಮಾವ."

"ಅಲ್ಲಿಯವರೆಗೆ ಅವ ಸರಿಯಾಗೇ ಬರೆದಿದ್ದಾನೆ!"

ಮರುದಿನದಿಂದ ಬಸ್ಸಿನಲ್ಲಿ ಹೊಸ ಘೋಷಣೆ. ಒಂದು ಟ್ರಿಪ್ಪಿನಲ್ಲಿ "ಎರಡು ಸಲ ಗುಣಿಸ್ಬೇಕಂತೆ!", ಮುಂದಿನ ಟ್ರಿಪ್ಪಿನಲ್ಲಿ "ಒಂದೇ ಸಲ ಸಾಕಂತೆ!" ಹೀಗೆ ವರ್ಷಗಟ್ಟಲೆ ನಡೆಯಿತು. ಇಬ್ಬರಲ್ಲಿ ಒಬ್ಬರಾದರೂ ಒಂದಿಂಚು ಹಿಂದೆ ಸರಿಯಬೇಕಲ್ಲ? ಊಹೂಂ!

ಇದರ ನಡುವೆ ನನ್ನನ್ನು ನೋಡಲಿಕ್ಕೆ ಗಂಡುಗಳು ಬರುತ್ತಿದ್ದರು, ಹೋಗುತ್ತಿದ್ದರು. ಹೆಚ್ಚಾಗಿ ಹೋಗುತ್ತಿದ್ದರು! ಮಾವ ಎಲ್ಲರಿಗೂ ಒಂದೇ ಪ್ರಶ್ನೆ ಹಾಕುತ್ತಿದ್ದರು: "ಭಾರದ ನಿಧಾನದ ಗುಂಡು ಒಳ್ಳೆದಾ, ಹಗುರದ ವೇಗದ ಗುಂಡು ಒಳ್ಳೆದಾ?" ವೇಗದ್ದು ಎಂದವನಿಗೆ ಜಾತಕ ಕೂಡುತ್ತಿರಲಿಲ್ಲ. ಭಾರದ್ದು ಎಂದ ಒಬ್ಬನಿಗೆ ಕೂಡುವ ಹಾಗೆ ಕಂಡಿತು. ಮಾವ ಸಂತೋಷದಿಂದ ಅವನನ್ನು ಕೋರೆಗೆ ಕರೆದುಕೊಂಡು ಹೋದರು. ಅವನು ಅಲ್ಲಿಂದಲೇ ಬಸ್ಸು ಹತ್ತಿದ! ಕೊನೆಗೆ ಬಂಟ್ವಾಳದಿಂದ ಒಬ್ಬರು ಬಂದರು. ಜವಳಿ ಅಂಗಡಿಯವರು, ಕಡಿಮೆ ಮಾತಿನವರು. ಪ್ರಶ್ನೆ ಕೇಳಿ ಸ್ವಲ್ಪ ಯೋಚನೆ ಮಾಡಿ ಹೇಳಿದರು: "ಯಾವುದಾದರೂ ಆಗ್ತದೆ. ಹೊಡೆಯುವವರ ಹಿಂದೆ ನಿಲ್ಲುವುದು ಒಳ್ಳೆದು." ಒಳಗಿನಿಂದ ಅತ್ತೆ ಜೋರಾಗಿ ನಕ್ಕದ್ದು ಹೊರಗೆ ಕೇಳಿಸಿತು. ಸಂಬಂಧ ಗಟ್ಟಿಯಾಯಿತು.

ಆ ಮದುವೆಗೆ ಇನ್ನೂ ಸ್ವಲ್ಪ ದಿನ ಇದೆ ಎನ್ನುವಾಗ ಒಂದು ಬೆಳಿಗ್ಗೆ ಬಸ್ಸು ನಮ್ಮ ಮನೆಯ ಮುಂದೆ ಪೂರ್ತಿ ನಿಂತಿತು. ಕಂಡಕ್ಟರ್ ಕೂಗಲಿಲ್ಲ, ಇಳಿದು ಜಗಲಿಯವರೆಗೆ ಬಂದ.

"ಧನಿಗಳೇ, ಇವತ್ತು ಬೈಗುಳ ಇಲ್ಲ. ಕಕ್ಕಿಂಜೆಯಲ್ಲಿ ಒಂಟಿ ಸಲಗ ಬಂದು ಕೂತಿದೆ. ಒಬ್ಬಳು ಮುದುಕಿಯ ಮನೆಯ ಗೋಡೆ ದೂಡಿ ಹಾಕಿತು. ಸೌದೆಗೆ ಹೋದವನ ಕಾಲು ಮುರಿಯಿತು. ಮಕ್ಕಳನ್ನು ಶಾಲೆಗೆ ಕಳಿಸುವವರಿಲ್ಲ. ಸರಕಾರದವರು ರೇಂಜರ್ರನ್ನು ಕೇಳಿಕೊಂಡಿದ್ದಾರೆ. ನೀವು ಕೋವಿ ಹಿಡ್ಕೊಂಡು ಬರ್ಬೇಕಂತೆ. 'ಬಂದರೆ ಉಪಕಾರ' ಅಂತ ಹೇಳಿದ್ರು."

"ಉಪಕಾರ ಅಂತ ಹೇಳಿದ್ರಾ? ಅವರು?" ಮಾವ ಎದ್ದು ನಿಂತರು. "ಜ್ವರ ಗಿರ ಉಂಟಾ ಅವರಿಗೆ?"

ಅತ್ತೆ ಹೊರಗೆ ಬಂದರು. "ಸೊಳ್ಳೆಗೆ ಹೊಗೆ ಹಾಕ್ಬೇಡ ಅನ್ನುವವರು ಆನೆಗೆ ಗುಂಡು ಹಾಕ್ತೀರಾ? ಜೀವ ತೆಗೆದ ಕೈಯಲ್ಲಿ ಈ ಮನೆಯಲ್ಲಿ ಊಟ ಮಾಡ್ತೀರಾ?"

ಮಾವ ಐನೂರನ್ನು ಚೀಲದಿಂದ ತೆಗೆದು ಒರೆಸತೊಡಗಿದರು. ತಮಾಷೆಯ ಮುಖ ಇರಲಿಲ್ಲ. "ಹೊಡೆಯುವುದು ಬಿಡುವುದು ಅಲ್ಲಿ ನೋಡುವ. ಆದರೆ ನಾನು ಹೋಗ್ಲೇಬೇಕು. ಅವರು ಇಷ್ಟು ವರ್ಷದಲ್ಲಿ ಒಂದು ಸಲವೂ ಕರೆದವರಲ್ಲ."

ಅತ್ತೆ ನನ್ನ ಕೈ ಹಿಡಿದು ಹೇಳಿದರು: "ನೀನೂ ಹೋಗು. ಇವರು ಪ್ರಾಣಿಗೆ ಗುರಿ ಇಟ್ಟರೆ ಹಿಂದಿನಿಂದ ಅಂಗಿ ಹಿಡಿದು ಎಳೆ." ಮದುವೆ ನಿಶ್ಚಯವಾದ ಹುಡುಗಿಯನ್ನು ಆನೆಯ ಎದುರಿಗೆ ಕಳಿಸಿಕೊಡುವ ಅತ್ತೆ ಈ ಭೂಮಿಯ ಮೇಲೆ ಇನ್ನೊಬ್ಬರಿದ್ದಾರೆಯೇ?

ಬೆಳ್ತಂಗಡಿಯಲ್ಲಿ ರೇಂಜರರು ತಮ್ಮ ಮನೆಯ ಮೆಟ್ಟಿಲ ಮೇಲೆ ಕಾಯುತ್ತಿದ್ದರು. ಗೇಟು ತೆರೆದು ಮುಂದೆ ಹೋದವಳು ನಾನು. ಅವರು ನನ್ನತ್ತ ಕೈ ಚಾಚಿ, "ಬನ್ನಿ ಮಾರಾಯ್ರೆ! ಎಂತ ನೀವು, ಅರ್ಧಕ್ಕರ್ಧ ಸೊರಗಿದ್ದೀರಿ!" ಎಂದರು. ಎಂಥ ತಮಾಷೆ ಎಂದು ನಾನು ನಕ್ಕೆ. ಮಾವ ನಗಲಿಲ್ಲ. ಒಂದು ಗಳಿಗೆ ರೇಂಜರರ ಮುಖವನ್ನೇ ನೋಡಿ, "ಇಲ್ಲಿದ್ದೇನೆ," ಎಂದು ಹತ್ತಿರ ಹೋಗಿ ಆ ಕೈ ಹಿಡಿದರು.

ಉಜಿರೆ ದಾಟಿ ಕಕ್ಕಿಂಜೆ ಮುಟ್ಟುವವರೆಗೆ ಇಲಾಖೆಯ ಜೀಪಿನಲ್ಲಿ ಇಬ್ಬರೂ ಜಗಳವಾಡಲಿಲ್ಲ. ನನಗೆ ಆನೆಗಿಂತ ಅದೇ ಹೆದರಿಕೆಯಾಯಿತು. ಅಲ್ಲಿ ಊರಿನವರು ಹೊಳೆಯ ಈಚೆ, ಎತ್ತರದ ದರೆಯ ಮೇಲೆ ಗುಂಪಾಗಿ ನಿಂತಿದ್ದರು. ಸಲಗ ಆಚೆ ಬಿದಿರಮೆಳೆಯಲ್ಲಿ ಇತ್ತು. ಬಿದಿರು ಮುರಿಯುವ ಸದ್ದು ಕೇಳುತ್ತಿತ್ತು. "ನೀನು ಮೇಲೆ ನಿಲ್ಲು ಮಗಳೇ. ಕೆಳಗೆ ಇಳಿದರೆ ನೋಡು ಮತ್ತೆ," ಎಂದು ಹೇಳಿ ಮಾವ ರೇಂಜರರ ಜೊತೆ ಹೊಳೆಗೆ ಇಳಿದರು. ಅತ್ತೆ ಹೇಳಿದ ಹಾಗೆ ಅಂಗಿ ಹಿಡಿದು ಎಳೆಯಲಿಕ್ಕೆ ನನಗೆ ಕೈಯೇ ಎಟಕುವಂತಿರಲಿಲ್ಲ.

ದರೆಯ ಮೇಲಿಂದ ಎಲ್ಲವೂ ಕಾಣುತ್ತಿತ್ತು. ಮೆಳೆ ಸೀಳಿಕೊಂಡು ಸಲಗ ಹೊರಗೆ ಬಂತು. ಅಷ್ಟು ದೊಡ್ಡ ಜೀವ! ಕಿವಿ ಅಗಲಿಸಿ, ಸೊಂಡಿಲೆತ್ತಿ, ಇವರಿಬ್ಬರನ್ನು ನೋಡಿತು. ನಡುವೆ ತೆಳು ನೀರಿನ ಹೊಳೆ ಮಾತ್ರ. ಆಗ ರೇಂಜರರು ಕೇಳಿದ್ದು ಮೇಲಕ್ಕೂ ಕೇಳಿಸಿತು:

"ಎಲ್ಲಿ?"

ಆನೆ ಎದುರಿಗೇ ಇದೆ! ಅವರು ರೈಫಲ್ಲು ಎತ್ತಿ ಗುರಿ ಹಿಡಿದಿದ್ದರು, ಎಡಗಡೆಯ ಬಾಳೆಗಿಡಗಳ ಗುಂಪಿಗೆ. ಅವರ ಕಣ್ಣಿಗೆ ಪೊರೆ ಬಂದಿತ್ತು. ಅದನ್ನು ಮನೆಯವರಿಗೂ ಹೇಳದೆ ಮುಚ್ಚಿಟ್ಟಿದ್ದರು. ಸರಕಾರದವರು ಬಂದು ಕೇಳಿದಾಗ 'ಆಗುವುದಿಲ್ಲ' ಎನ್ನಲು ಆ ಮೀಸೆಗೆ ಆಗಲಿಲ್ಲ. ಅವರಿಗೆ ಬೇಕಾಗಿದ್ದದ್ದು ಮಾವನ ಕೋವಿಯಲ್ಲ, ಮಾವನ ಕಣ್ಣು.

ಮಾವ ಏನು ಮಾಡಬೇಕಿತ್ತು? 'ಬಲಕ್ಕೆ, ಸ್ವಲ್ಪ ಮೇಲೆ' ಎಂದು ಹೇಳಿದ್ದರೆ ಸಾಕಿತ್ತು, ಆನೆ ಬೀಳುತ್ತಿತ್ತು. ಸುಮ್ಮನಿದ್ದರೆ ಇಬ್ಬರೂ ಬೀಳುತ್ತಿದ್ದರು. ಸಲಗ ನೀರಿಗೆ ಕಾಲಿಟ್ಟಿತು. ಮಾವ ಒಂದು ಹೆಜ್ಜೆ ಮುಂದೆ ಹೋಗಿ ರೇಂಜರರಿಗೂ ಆನೆಗೂ ನಡುವೆ ನಿಂತರು. ಐನೂರನ್ನು ಎತ್ತಿ, ಆನೆಯ ಮುಂದಿನ ಮರಳಿಗೆ ಗುರಿ ಹಿಡಿದು, ಎರಡೂ ನಳಿಗೆಗಳನ್ನು ಒಟ್ಟಿಗೇ ಹಾರಿಸಿದರು.

ಘಾಟಿ ಕುಸಿದ ಹಾಗೆ ಸದ್ದು! ಮರಳು ಮತ್ತು ನೀರು ಆಳೆತ್ತರಕ್ಕೆ ಎದ್ದು ಸಲಗದ ಮುಖಕ್ಕೆ ಬಡಿಯಿತು. ಅದೇ ಹೊತ್ತಿಗೆ ರೇಂಜರರ ರೈಫಲ್ಲೂ ಟಪ್ಪೆಂದಿತು. ಬಾಳೆಯ ಗೊನೆಯೊಂದು ಧೊಪ್ಪನೆ ಬಿತ್ತು. ಆಮೇಲೆ ಹೊಳೆ ತುಂಬ ಹೊಗೆ. ಹೊಗೆಯೊಳಗಿನಿಂದ ಒಂದು ಘೀಳು, ಬಿದಿರು ಮುರಿಯುವ ಸದ್ದು. ಸದ್ದು ದೂರವಾಯಿತು, ಘಾಟಿಯ ಕಡೆಗೆ, ಮೇಲಕ್ಕೆ, ಇನ್ನೂ ಮೇಲಕ್ಕೆ. ಆ ಸಲಗ ಮತ್ತೆ ಕಕ್ಕಿಂಜೆಗೆ ಇಳಿದದ್ದನ್ನು ಯಾರೂ ಕಾಣಲಿಲ್ಲ.

ಹೊಗೆ ಕರಗಿದಾಗ ಮಾವ ಮೊಣಕಾಲು ನೀರಿನಲ್ಲಿ ಕುಳಿತಿದ್ದರು, ಒದ್ದೆ ಮುದ್ದೆಯಾಗಿ. ಊರಿನವರು ಕೂಗುತ್ತಾ ದರೆ ಇಳಿದು ಓಡಿದರು. ಅವರ ಹಿಂದೆಯೇ ನಾನೂ ಓಡಿದೆ. ಎಲ್ಲರೂ ಮಾವನ ಕೋವಿಯನ್ನು ಮುಟ್ಟಿ ನೋಡುವವರೇ. ಇಷ್ಟು ವರ್ಷ ಕಾದ ಗಳಿಗೆ ಅದು! ಮಾವ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಹೇಳಿದರು:

"ನನ್ನದೆಂತದು, ಬರೀ ಸದ್ದು. ಕಿವಿಯ ತುದಿಗೆ ತಾಗಿದ್ದು ರೇಂಜರ್ರ ಗುಂಡು. ನಾನು ಕಣ್ಣಾರೆ ನೋಡಿದೆ. ಅದಕ್ಕೇ ಓಡಿದ್ದು."

ರೇಂಜರರು ಮಾವನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಮೆಲ್ಲಗೆ ಕೇಳಿದರು: "ತಾಗಿತಾ? ಹೌದಾ?"

"ತಾಗದೆ? ಅಷ್ಟು ವೇಗ ಉಂಟಲ್ಲ ಅದಕ್ಕೆ! ಎರಡು ಸಲ ಗುಣಿಸ್ಬೇಕು ಅಂತ ನೀವು ಹೇಳಿದ್ದು ಸರಿ."

ಜನ ರೇಂಜರರನ್ನು ಸುತ್ತುವರಿದರು. ಬಿದ್ದ ಬಾಳೆಗೊನೆಯ ಸುದ್ದಿ ಯಾರೂ ಎತ್ತಲಿಲ್ಲ. ನಾನು ಎತ್ತಬೇಕೆಂದು ಬಾಯಿ ತೆರೆದೆ. ಮಾವ ನನ್ನನ್ನು ನೋಡಿದ ನೋಟಕ್ಕೆ ಬಾಯಿ ತಾನಾಗಿ ಮುಚ್ಚಿತು.

ಜೀಪು ರಸ್ತೆಯಲ್ಲಿತ್ತು. ಅಲ್ಲಿಯವರೆಗೆ ಕಲ್ಲು ಮುಳ್ಳಿನ ಕಾಲುದಾರಿ, ನಡುವೆ ನೀರು ಹರಿಯುವ ಒಂದು ಸಣ್ಣ ತೋಡು. ರೇಂಜರರು ರೈಫಲ್ಲನ್ನು ಹೆಗಲಿಗೇರಿಸಿ, ಎದೆ ಸೆಟೆಸಿ ನಿಂತಿದ್ದರು. ಕಾಲು ಮಾತ್ರ ಮುಂದಿಡುತ್ತಿರಲಿಲ್ಲ. ಮಾವ ಇದ್ದಕ್ಕಿದ್ದ ಹಾಗೆ "ಅಯ್ಯಯ್ಯೋ!" ಎಂದು ಬಗ್ಗಿದರು.

"ಕಾಲು ಉಳುಕಿತು ಮಾರಾಯ್ರೆ. ಒದೆತಕ್ಕೆ ಬಿದ್ದದ್ದಲ್ಲವಾ? ನಿಮ್ಮ ಒಂದು ಕೈ ನನ್ನ ಹೆಗಲ ಮೇಲೆ ಇಡಿ, ಬೀಳದ ಹಾಗೆ ಹಿಡ್ಕೊಳ್ಳಿ. ನೀವಿಲ್ಲದಿದ್ದರೆ ನನಗೆ ಈ ದಾರಿ ನಡೀಲಿಕ್ಕಾಗುವುದಿಲ್ಲ."

"ಅಷ್ಟು ದೊಡ್ಡ ಮದ್ದು ಯಾಕೆ ತುಂಬಿಸ್ಬೇಕು ನೀವು?" ಎಂದು ಗದರಿಸುತ್ತಾ ರೇಂಜರರು ಕೈ ಚಾಚಿದರು. ಮಾವ ತಮ್ಮ ಹೆಗಲನ್ನು ಆ ಕೈಯ ಕೆಳಗೆ ತಂದು ಇಟ್ಟರು. "ಇಲ್ಲಿ ಕಲ್ಲುಂಟು, ನನ್ನ ಕಾಲು ನೋವಾಗ್ತದೆ, ಮೆಲ್ಲಗೆ," "ಇಲ್ಲಿ ಇಳಿಜಾರು, ನನ್ನನ್ನು ಗಟ್ಟಿ ಹಿಡ್ಕೊಳ್ಳಿ," ಎಂದು ದಾರಿಯುದ್ದಕ್ಕೂ ಗೋಳಾಡುತ್ತಾ ನಡೆದರು. ರೇಂಜರರು ಒಂದು ಕಡೆಯೂ ಎಡವಲಿಲ್ಲ.

ನಾನು ಮಾವನ ಐನೂರನ್ನು ಹೊತ್ತು ಹಿಂದೆ ಬರುತ್ತಿದ್ದೆ. ತೋಡು ದಾಟುವವರೆಗೆ ಮಾವ ಬಲಗಾಲು ಕುಂಟುತ್ತಿದ್ದರು. ದಾಟಿದ ಮೇಲೆ ಎಡಗಾಲು ಕುಂಟತೊಡಗಿದರು.